ಮೆಷಿನ್‌ಗೆ ಸಬ್ಸಿಡಿ ಇದೆ, ನಷ್ಟಕ್ಕೆ?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕಿ. ಕಾಲೇಜಿನ ಉದ್ಯಮಶೀಲತಾ ಘಟಕದ ಹೊಣೆಯೂ ನನ್ನದೇ. ಕಾರ್ಯಕ್ರಮಕ್ಕೆ ಬರುವ ಅತಿಥಿಗಳೆಲ್ಲ ‘ಕೆಲಸ ಹುಡುಕಬೇಡಿ, ಕೆಲಸ ಕೊಡುವವರಾಗಿ’ ಅನ್ನುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕೇಂದ್ರ ಸರ್ಕಾರದ ಸ್ವಉದ್ಯೋಗ ಯೋಜನೆಯಾದ ಪಿಎಂಇಜಿಪಿಯಡಿ ಸಾಲ ಪಡೆದು ಚನ್ನಗಿರಿ ಕಡೆಯ ತನ್ನ ಊರಿನಲ್ಲಿ ಅಡಿಕೆ ಹಾಳೆ ತಟ್ಟೆಯ ಘಟಕ ಹಾಕಿದ್ದ. ಎರಡು ವರ್ಷ ತುಂಬುವ ಮೊದಲೇ ಅದು ನಿಂತುಹೋಯಿತು. ಈಗ ಬೆಂಗಳೂರಿನ ಒಂದು ಗೋಡೌನಿನಲ್ಲಿ ಕೆಲಸಕ್ಕಿದ್ದಾನೆ. ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದಾರೆ, ತಂಗಿಯ ಮದುವೆ ಮುಂದಕ್ಕೆ ಹೋಗಿದೆ. ಮುಂದಿನ ಬ್ಯಾಚಿಗೆ ನಾನು ಏನು ಹೇಳಲಿ? ಉದ್ಯಮಶೀಲತೆಗೆ ಹೀಗೆ ಪ್ರೋತ್ಸಾಹ ಕೊಡುವುದರಿಂದ ಊರಿಗೆ, ಮನೆಗೆ, ಆ ಮನುಷ್ಯನಿಗೆ ನಿಜಕ್ಕೂ ಏನಾಗುತ್ತದೆ?

ಉತ್ತರ: ಮೇಡಂ, ದೊಡ್ಡ ಪ್ರಶ್ನೆಗೆ ಹೋಗುವ ಮೊದಲು ಆ ಹುಡುಗನ ಘಟಕದ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡೋಣ. ನಾನು ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುತ್ತಿದ್ದವನು, ನಿವೃತ್ತಿಯಾದ ಮೇಲೆ ಸ್ವಉದ್ಯೋಗ ತರಬೇತಿಯಲ್ಲಿ ಪಾಠ ಮಾಡುತ್ತಿರುವವನು. ಇಂಥ ಕಡತಗಳನ್ನು ಮೇಜಿನ ಎರಡೂ ಬದಿಯಲ್ಲಿ ಕೂತು ನೋಡಿದ್ದೇನೆ.

ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿಗಳ ಉದ್ಯೋಗ ಸೃಜನ ಕಾರ್ಯಕ್ರಮ, 2008ರಿಂದ ನಡೆಯುತ್ತಿದೆ. ತಯಾರಿಕಾ ಘಟಕವಾದರೆ 50 ಲಕ್ಷ, ಸೇವಾ ಘಟಕವಾದರೆ 20 ಲಕ್ಷ ರೂಪಾಯಿವರೆಗಿನ ಯೋಜನೆಗೆ ಇದರಡಿ ಸಾಲ ಸಿಗುತ್ತದೆ. ಹಳ್ಳಿಯಲ್ಲಿ ಘಟಕ ಹಾಕುವ ಹಿಂದುಳಿದ ವರ್ಗದವರು, ಪರಿಶಿಷ್ಟರು, ಅಲ್ಪಸಂಖ್ಯಾತರು, ಮಹಿಳೆಯರಿಗೆ ಯೋಜನಾ ವೆಚ್ಚದ ಶೇ 35ರಷ್ಟು ಸಬ್ಸಿಡಿ. ಸಾಮಾನ್ಯ ವರ್ಗಕ್ಕೆ ಶೇ 25. ಕೈಯಿಂದ ಹಾಕಬೇಕಾದದ್ದು ಶೇ 5 ಅಥವಾ ಶೇ 10 ಮಾತ್ರ. ಒಂದು ಮಿತಿಯವರೆಗಿನ ಸಾಲಕ್ಕೆ ಜಮೀನು ಅಡವಿಡಬೇಕಿಲ್ಲ. ಕೇಳಿದರೆ ಇದಕ್ಕಿಂತ ಒಳ್ಳೆಯ ಯೋಜನೆ ಇನ್ನೊಂದಿಲ್ಲ ಅನ್ನಿಸುತ್ತದೆ, ಮತ್ತು ಬಹಳ ಮಟ್ಟಿಗೆ ಅದು ನಿಜವೂ ಹೌದು.

ಎಡವಟ್ಟು ಇರುವುದು ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ. ತಾಲ್ಲೂಕು ಕೇಂದ್ರದ ಯಾವುದೇ ಝೆರಾಕ್ಸ್ ಅಂಗಡಿಗೆ ಹೋಗಿ ಕೇಳಿ, ಹೆಸರು ಊರು ಬದಲಿಸಿ ಒಂದು ಗಂಟೆಯಲ್ಲಿ ರಿಪೋರ್ಟ್ ಕೈಗಿಡುತ್ತಾರೆ. ಒಳಗೆ ತಿರುಗಿಸಿದರೆ ಮೊದಲನೇ ವರ್ಷ ಸಾಮರ್ಥ್ಯದ ಶೇ 60 ಉತ್ಪಾದನೆ, ಎರಡನೇ ವರ್ಷ ಶೇ 70, ಮೂರನೇ ವರ್ಷ ಶೇ 80. ಹಪ್ಪಳವಾದರೂ ಇಷ್ಟೇ, ಸಿಮೆಂಟ್ ಇಟ್ಟಿಗೆಯಾದರೂ ಇಷ್ಟೇ, ಹಾಳೆ ತಟ್ಟೆಯಾದರೂ ಇಷ್ಟೇ. ಬ್ಯಾಂಕಿನವರಿಗೂ ಈ ಅಂಕಿ ಬಾಯಿಪಾಠ. ಮಾಲು ಖರ್ಚಾಗದ ತಿಂಗಳು ಅನ್ನುವುದಕ್ಕೆ ಆ ರಿಪೋರ್ಟ್‌ನಲ್ಲಿ ಕಾಲಂ ಇಲ್ಲ. ಮಾಲೀಕನ ಸ್ವಂತ ಕೂಲಿಗೂ ಇಲ್ಲ, ಅವನ ಜೊತೆ ಕೂತು ತಟ್ಟೆ ಎಣಿಸಿ ಕಟ್ಟು ಹಾಕುವ ಅಮ್ಮನ ಕೂಲಿಗಂತೂ ಇಲ್ಲವೇ ಇಲ್ಲ.

ಹಾಳೆ ತಟ್ಟೆಯ ವ್ಯವಹಾರದ ಗುಟ್ಟು ಮೆಷಿನ್‌ನಲ್ಲಿಲ್ಲ, ಹಾಳೆಯಲ್ಲಿದೆ. ತೋಟದಲ್ಲಿ ಒಣ ಹಾಳೆ ಚೆನ್ನಾಗಿ ಸಿಗುವುದು ಬೇಸಿಗೆ ಕಡೆಯ ಕೆಲವು ತಿಂಗಳು. ಮಳೆ ಹಿಡಿದರೆ ಬಿದ್ದ ಹಾಳೆ ಕೊಳೆಯುತ್ತದೆ, ಶೇಖರಿಸಿಟ್ಟ ಹಾಳೆಗೆ ಬೂಷ್ಟು ಬರುತ್ತದೆ. ವರ್ಷವಿಡೀ ಮೆಷಿನ್ ಓಡಬೇಕೆಂದರೆ ಸೀಸನ್ನಿನಲ್ಲಿ ಆರೇಳು ತಿಂಗಳ ಹಾಳೆಯನ್ನು ರೊಕ್ಕ ಕೊಟ್ಟು ಕೊಂಡು, ತೇವ ತಾಗದ ಕಡೆ ಪೇರಿಸಿಡಬೇಕು. ಇದಕ್ಕೆ ಬೇಕಾದ ದುಡಿಯುವ ಬಂಡವಾಳ ರಿಪೋರ್ಟ್‌ನಲ್ಲಿ ಹೆಸರಿಗಷ್ಟೇ ಇರುತ್ತದೆ. ಅಲ್ಲಿಂದ ಮುಂದಿನದು ನಿಮಗೂ ಗೊತ್ತಿರುತ್ತದೆ: ಅಮ್ಮನ ಬಳೆ ಒತ್ತೆಗೆ ಹೋಗುತ್ತದೆ, ಸೋದರಮಾವನಿಂದ ಕೈಸಾಲ ಬರುತ್ತದೆ, ತಂಗಿಯ ಮದುವೆಗೆಂದು ಕಟ್ಟುತ್ತಿದ್ದ ಚೀಟಿಯನ್ನು ಮೊದಲೇ ಎತ್ತುತ್ತಾರೆ. ಇದರ ಮೇಲೆ ಸಗಟು ವ್ಯಾಪಾರಿಯ ಬಾಕಿ. ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನೂ ವಿಧಿಸುತ್ತದೆ. ಆದರೆ ಒಬ್ಬನೇ ಗಿರಾಕಿಯನ್ನು ನಂಬಿ ಕೂತವನು ಅವನ ಮೇಲೆ ದೂರು ಕೊಡುತ್ತಾನೆಯೇ?

ಇಷ್ಟೆಲ್ಲ ಸಂಭಾಳಿಸಿದರೂ ಕೈಯಲ್ಲಿಲ್ಲದ್ದು ಇನ್ನೂ ಇರುತ್ತದೆ. 2025ರಲ್ಲಿ ಅಮೆರಿಕದ ಆಹಾರ–ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆಗಳು ಊಟಕ್ಕೆ ಸುರಕ್ಷಿತವಲ್ಲವೆಂದು ಹೇಳಿ ಆಮದಿಗೆ ತಡೆ ಹಾಕಿತು. ರಫ್ತಿಗೆ ಹೋಗುತ್ತಿದ್ದ ಮಾಲು ಊರಿನ ಮಾರುಕಟ್ಟೆಗೇ ತಿರುಗಿದರೆ ಇಲ್ಲಿನ ಬೆಲೆ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಚನ್ನಗಿರಿ ಪಕ್ಕದ ಹಳ್ಳಿಯ ಹುಡುಗ ಇದಕ್ಕೆ ಏನು ಮಾಡಬಹುದಿತ್ತು? ‘ಶ್ರದ್ಧೆ ಸಾಲದು, ಧೈರ್ಯ ಸಾಲದು’ ಎಂದು ವೇದಿಕೆಯಿಂದ ಹೇಳುವವರು ಈ ಒಂದು ಪ್ರಸಂಗವನ್ನು ನೆನಪಿಟ್ಟುಕೊಂಡರೆ ಸಾಕು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇದರಲ್ಲೇ ಇದೆ. ಪ್ರೋತ್ಸಾಹ ಅಂದಾಗ ನಾವು ಕೊಡುವುದು ಮೆಷಿನ್‌ಗೆ ಹಣ. ನಷ್ಟ ಬಂದರೆ ಯಾರ ಮೇಲೆ ಬೀಳುತ್ತದೆ ಎಂದು ಯಾವ ಅರ್ಜಿ ನಮೂನೆಯೂ ಕೇಳುವುದಿಲ್ಲ. ಕೇಳದೆ ಬಿಟ್ಟಾಗ ಅದು ಮನೆಯಲ್ಲಿ ಮಾತಿಗೆ ಬೆಲೆ ಕಡಿಮೆ ಇರುವವರ ಮೇಲೆ ಹೋಗಿ ಬೀಳುತ್ತದೆ. ನಿಮ್ಮ ಹುಡುಗನ ಮನೆಯಲ್ಲಿ ಅದು ತಂಗಿಯ ಮೇಲೆ ಬಿದ್ದಿದೆ. ಉದ್ಯಮ ಬೇಕೋ ಬೇಡವೋ ಎಂದು ಅವಳನ್ನು ಯಾರೂ ಕೇಳಿರಲಾರರು.

ಸಾಲ ಖಾತರಿ ಯೋಜನೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಇದೆ, ಇಲ್ಲೇ ಹೇಳಿಬಿಡುತ್ತೇನೆ. ಅಡಮಾನವಿಲ್ಲದ ಸಾಲಗಳಿಗೆ ಸಿಜಿಟಿಎಂಎಸ್‌ಇ ಎಂಬ ಟ್ರಸ್ಟಿನ ಖಾತರಿ ಇರುತ್ತದೆ. ‘ಸರ್ಕಾರವೇ ಗ್ಯಾರಂಟಿ ಕೊಟ್ಟಿದೆ, ಮುಳುಗಿದರೆ ಅದೇ ನೋಡಿಕೊಳ್ಳುತ್ತದೆ’ ಎಂದು ಹುಡುಗರು ತಿಳಿಯುತ್ತಾರೆ, ಕೆಲವು ಏಜೆಂಟರು ಹಾಗೆಂದು ಹೇಳಿಯೂ ಕೊಡುತ್ತಾರೆ. ಆ ಖಾತರಿ ಇರುವುದು ಬ್ಯಾಂಕಿಗೆ. ಬ್ಯಾಂಕಿಗೆ ಒಂದಷ್ಟು ಹಣ ವಾಪಸ್ ಬಂದರೂ ಸಾಲಗಾರನ ಸಾಲ ಹಾಗೇ ಇರುತ್ತದೆ. ಕಂತು 90 ದಿನ ತಪ್ಪಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ; ಸಾಲ ತೀರಿಸುವ ನಡತೆ ಅಳೆಯುವ ಸಿಬಿಲ್ ಅಂಕ ಪಾತಾಳಕ್ಕೆ. ಆಮೇಲೆ ಒಂದು ಬೈಕ್ ಸಾಲಕ್ಕೂ ಪರದಾಟ.

ಊರಿನ ವಿಚಾರಕ್ಕೆ ಬರೋಣ. ಉದ್ಯಮಶೀಲತೆ ಬೆಳೆದರೆ ಊರು ಬೆಳೆಯುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಹಾಸನದ ಕಡೆಯಿಂದ ಹೊರಟ ಅಯ್ಯಂಗಾರ್ ಬೇಕರಿಗಳನ್ನು ನೋಡಿ, ಉಡುಪಿಯಿಂದ ಹೊರಟ ಹೋಟೆಲುಗಳನ್ನು ನೋಡಿ. ಸರ್ಕಾರ ಶಿಬಿರ ನಡೆಸಿ ಅವರನ್ನು ತಯಾರು ಮಾಡಲಿಲ್ಲ. ಊರಿಂದ ಬಂದ ಹುಡುಗ ಚಿಕ್ಕಪ್ಪನದೋ ಪರಿಚಯದವರದೋ ಹೋಟೆಲಿನಲ್ಲಿ ಲೋಟ ತೊಳೆದು, ಸಪ್ಲೈಗೆ ನಿಂತು, ಆಮೇಲೆ ಹಿಟ್ಟು ರುಬ್ಬಿ, ಕೊನೆಗೆ ಗಲ್ಲಾದಲ್ಲಿ ಕೂರುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತಿದ್ದವು. ಯಾವ ದಿನ ಹಾಲು ಎಷ್ಟು ತರಬೇಕು, ಯಾರಿಗೆ ಸಾಲ ಬರೆಯಬಾರದು, ಬಾಡಿಗೆ ಮಾಲೀಕನ ಜೊತೆ ಹೇಗೆ ಮಾತಾಡಬೇಕು, ಎಲ್ಲವೂ ಬೇರೆಯವರ ಬಂಡವಾಳದಲ್ಲಿ ಕಲಿತದ್ದು. ಸ್ವಂತ ಅಂಗಡಿ ಹಾಕುವಾಗ ನೆಂಟರು ಕೈಗೂಡಿಸುತ್ತಿದ್ದರು. ಸೋತರೆ ಮತ್ತೆ ಚಿಕ್ಕಪ್ಪನ ಗಲ್ಲಾ ಇದ್ದೇ ಇತ್ತು. ಈ ಕೊನೆಯದು ಎಲ್ಲಕ್ಕಿಂತ ಮುಖ್ಯ. ಸೋತವನಿಗೆ ಹಿಂತಿರುಗಲು ಒಂದು ಜಾಗವಿತ್ತು.

ಇದನ್ನು ಅರ್ಥ ಮಾಡಿಕೊಂಡು ಕಟ್ಟಿದ ಸಂಸ್ಥೆಯೂ ನಮ್ಮಲ್ಲಿದೆ. 1982ರಲ್ಲಿ ಧರ್ಮಸ್ಥಳದ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ಆರಂಭಿಸಿದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಅದು. ಅದನ್ನೇ ಮಾದರಿಯಾಗಿ ಇಟ್ಟುಕೊಂಡು ಮುಂದೆ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿಗಳು, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಬಂದವು. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಲ್ಲಬೇಕು ಅನ್ನುವುದು ಅಲ್ಲಿನ ಕ್ರಮ. ಒಳ್ಳೆಯ ಕ್ರಮ. ಆದರೆ ವರ್ಷಕ್ಕೆ ಇಷ್ಟು ಬ್ಯಾಚ್ ಮುಗಿಯಬೇಕೆಂಬ ಗುರಿ ತಲೆಯ ಮೇಲಿರುವಾಗ ಎರಡನೇ ವರ್ಷದ ವಿಚಾರಣೆ ಎಷ್ಟೋ ಕಡೆ ಒಂದು ಫೋನ್ ಕರೆಯಲ್ಲಿ ಮುಗಿಯುತ್ತದೆ.

ಗುರಿ ಮುಟ್ಟುವ ಭರದಲ್ಲಿ ಊರಿಗೆ ಆಗುವ ಇನ್ನೊಂದು ಹಾನಿ ಹೇಳುತ್ತೇನೆ. ಒಂದೇ ಹೋಬಳಿಯಿಂದ ಮೂವತ್ತು ಹೆಣ್ಣುಮಕ್ಕಳನ್ನು ಕರೆತಂದು ಟೇಲರಿಂಗ್ ಕಲಿಸುತ್ತೇವೆ. ಒಂದೇ ತಿಂಗಳಲ್ಲಿ ಮೂವತ್ತು ಹೊಲಿಗೆ ಯಂತ್ರ ಊರಿಗೆ ಬರುತ್ತವೆ. ಊರಲ್ಲಿ ಹೊಲಿಯಬೇಕಾದ ರವಿಕೆ ಮಾತ್ರ ಹಿಂದೆ ಇದ್ದಷ್ಟೇ. ಆದ್ದರಿಂದ ದರ ಇಳಿಯುತ್ತದೆ. ಮೊದಲಿಂದ ಹೊಲಿಗೆಯಲ್ಲೇ ಮನೆ ನಡೆಸುತ್ತಿದ್ದ ವಿಧವೆಯೊಬ್ಬಳ ಗಿರಾಕಿ ಹಂಚಿಹೋಗುತ್ತಾರೆ. ನಮ್ಮ ಪಟ್ಟಿಯಲ್ಲಿ ಮೂವತ್ತು ಹೊಸ ಉದ್ಯಮಿಗಳು ಸೇರುತ್ತಾರೆ, ಕಡಿಮೆಯಾದ ಅವಳ ಗಳಿಕೆ ಯಾವ ಪಟ್ಟಿಗೂ ಬರುವುದಿಲ್ಲ. ಬ್ಯೂಟಿ ಪಾರ್ಲರ್, ಅಗರಬತ್ತಿ, ಫಿನಾಯಿಲ್ ಎಲ್ಲದರದೂ ಇದೇ ಕಥೆ.

ದೇಶದ ಮಟ್ಟದಲ್ಲೂ ಇದರ ನೆರಳು ಕಾಣುತ್ತದೆ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ ದುಡಿಯುವವರಲ್ಲಿ ಸ್ವಉದ್ಯೋಗಿಗಳ ಪಾಲು 2017–18ರಲ್ಲಿ ಶೇ 52 ಇದ್ದದ್ದು 2023–24ಕ್ಕೆ ಶೇ 58 ದಾಟಿದೆ. ಉದ್ಯಮಶೀಲತೆ ಉಕ್ಕಿ ಹರಿಯುತ್ತಿದೆ ಎಂದು ಇದನ್ನು ಓದುವವರಿದ್ದಾರೆ. ಆದರೆ ಈ ಲೆಕ್ಕದಲ್ಲಿ ತಂದೆಯ ಹೊಲದಲ್ಲಿ, ಗಂಡನ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರೂ ‘ಸ್ವಉದ್ಯೋಗಿ’ಗಳೇ. ದುಡಿಯುವ ಹೆಂಗಸರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಹೀಗೆ ಸಂಬಳವಿಲ್ಲದವರು. ಸಂಬಳದ ಕೆಲಸ ಸಿಗದೆ ಹೋದವರು ಏನೋ ಒಂದು ಹಚ್ಚಿಕೊಂಡಿದ್ದಾರೆ, ಅಷ್ಟೇ. ಅವರನ್ನು ಉದ್ಯಮಿ ಅನ್ನುವುದರಿಂದ ಕೆಲಸ ಕೊಡಬೇಕಾದವರ ಹೊಣೆ ಸಲೀಸಾಗಿ ಹಗುರವಾಗುತ್ತದೆ. ‘ಕೆಲಸ ಕೊಡುವವರಾಗಿ’ ಎಂಬ ಘೋಷಣೆಯ ಮೇಲೆ ನನಗಿರುವ ಮುಖ್ಯ ತಕರಾರು ಇದೇ.

ಹೆಣ್ಣುಮಕ್ಕಳ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಪ್ರೋತ್ಸಾಹದ ಒಳಿತೂ ಕೆಡುಕೂ ಅತಿ ಹೆಚ್ಚು ಕಾಣುವುದು ಅಲ್ಲೇ. 2000ದಲ್ಲಿ ಸ್ತ್ರೀಶಕ್ತಿ ಸಂಘಗಳು ಶುರುವಾದಾಗ ಬ್ಯಾಂಕಿನ ಬಾಗಿಲಲ್ಲಿ ಸೆರಗು ಹೊದ್ದು ನಿಲ್ಲುತ್ತಿದ್ದವರು ಮುಂದೆ ಮ್ಯಾನೇಜರ್ ಎದುರಿನ ಕುರ್ಚಿ ಎಳೆದುಕೊಂಡು ಕೂತು ‘ಯಾಕ್ರೀ ಸರ್, ನಮ್ಮ ಬಡ್ಡಿ ಲೆಕ್ಕ ತಪ್ಪೈತಲ್ಲ’ ಎಂದು ಕೇಳುವಂತಾದರು. ಪಂಚಾಯಿತಿ ಚುನಾವಣೆಗೆ ನಿಂತರು. ಉತ್ತರ ಕರ್ನಾಟಕದ ರೊಟ್ಟಿ ಕೇಂದ್ರಗಳನ್ನು ನೋಡಿ. ಮನೆಯಲ್ಲಿ ಹೇಗೂ ಬಡಿಯುತ್ತಿದ್ದ ಜೋಳದ ರೊಟ್ಟಿಗೆ ಬೆಲೆ ಬಂತು. ಕಲಬುರಗಿಯಲ್ಲಿ ಜಿಲ್ಲಾಡಳಿತವೇ ಮುಂದೆ ನಿಂತು ‘ಕಲಬುರಗಿ ರೊಟ್ಟಿ’ ಎಂದು ಬ್ರ್ಯಾಂಡ್ ಮಾಡಿತು. ಸ್ವಂತ ಗಳಿಕೆ ಕೈಗೆ ಬಂದ ಹೆಂಗಸಿನ ನಡಿಗೆಯೇ ಬೇರೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗಳನ್ನು ಪಿಯುಸಿ ಮುಗಿದ ಕೂಡಲೇ ಮದುವೆ ಮಾಡುವ ಮಾತು ಬಂದಾಗ ‘ಓದಲಿ ಬಿಡ್ರಿ, ಫೀಸು ನಾ ಕಟ್ಟತೀನಿ’ ಅನ್ನುವ ಧೈರ್ಯ ಆ ಹಣದಿಂದ ಬರುತ್ತದೆ.

ರೊಟ್ಟಿಯ ಲೆಕ್ಕ ಹಾಕಿದರೆ ಇನ್ನೊಂದು ಮುಖ ಕಾಣುತ್ತದೆ. ನಮ್ಮ ತರಬೇತಿಯಲ್ಲಿ ಹೆಂಗಸರಿಗೆ ಒಂದು ಹಾಳೆ ಕೊಟ್ಟು ಖರ್ಚು ಬರೆಯಲು ಹೇಳುತ್ತೇನೆ. ಜೋಳ, ಗಿರಣಿ, ಸೌದೆ ಅಥವಾ ಗ್ಯಾಸು, ಪ್ಲಾಸ್ಟಿಕ್ ಕವರು, ಆಟೋ ಬಾಡಿಗೆ, ಸಾಲದ ಕಂತು ಎಲ್ಲ ಬರೆಯುತ್ತಾರೆ. ನಸುಕಿನ ನಾಲ್ಕಕ್ಕೆ ಎದ್ದು ಒಲೆ ಮುಂದೆ ಕೂತ ತಮ್ಮ ಆರು ತಾಸನ್ನು ಮಾತ್ರ ಯಾರೂ ಬರೆಯುವುದಿಲ್ಲ. ‘ಅದೇನು ಖರ್ಚು ಸರ್, ನಾವು ಮಾಡೂದು ತಾನೆ’ ಎಂದು ನಗುತ್ತಾರೆ. ಅದನ್ನೂ ಕೂಲಿ ಹಿಡಿದು ಬರೆಸಿದ ಮೇಲೆ ಕೆಲವರ ಲಾಭ ಸೊನ್ನೆಗೆ ಬರುತ್ತದೆ. ಕೋಣೆ ಸುಮ್ಮನಾಗಿಬಿಡುತ್ತದೆ. ಆಮೇಲೆ ಒಬ್ಬಳಾದರೂ ಎದ್ದು ‘ಹಂಗಾದ್ರ ರೇಟ್ ಏರಿಸಬೇಕು’ ಅನ್ನುತ್ತಾಳೆ. ಅಲ್ಲಿಂದ ನಿಜವಾದ ತರಬೇತಿ ಶುರು. ಮನೆಗೆಲಸವನ್ನೂ ಗಂಡ ಹಂಚಿಕೊಳ್ಳದಿದ್ದರೆ ಉದ್ಯಮ ಅಂದರೆ ಅವಳಿಗೆ ಎರಡನೇ ಪಾಳಿ ಅಷ್ಟೇ, ಅದನ್ನೂ ಆ ದಿನವೇ ಮಾತಾಡುತ್ತೇವೆ.

ಈ ಬಗ್ಗೆ ಅರ್ಥಶಾಸ್ತ್ರಜ್ಞರು ಮಾಡಿದ ಒಂದು ಕೆಲಸ ನಿಮ್ಮ ಪಾಠಕ್ಕೂ ಉಪಯೋಗವಾದೀತು. ಶ್ರೀಲಂಕಾದಲ್ಲಿ ಸಣ್ಣ ಉದ್ದಿಮೆದಾರರಿಗೆ ಉಚಿತ ಬಂಡವಾಳ ಕೊಟ್ಟು ನೋಡಿದಾಗ ಗಂಡಸರ ಲಾಭ ಏರಿತು, ಹೆಂಗಸರ ಲಾಭ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು. ಹೆಂಗಸರಿಗೆ ವ್ಯಾಪಾರ ಬಾರದು ಎಂದು ಕೆಲವರು ತೀರ್ಪು ಕೊಟ್ಟೇಬಿಟ್ಟರು. 2019ರಲ್ಲಿ ಬೇರೆ ತಂಡವೊಂದು ಶ್ರೀಲಂಕಾ, ಘಾನಾ, ಭಾರತದ ಮಾಹಿತಿಯನ್ನು ಮನೆಮನೆಯ ಲೆಕ್ಕದಲ್ಲಿ ಮತ್ತೆ ನೋಡಿತು. ಹೆಂಡತಿಯ ಹೆಸರಿಗೆ ಬಂದ ಹಣ ಗಂಡನ ವ್ಯಾಪಾರಕ್ಕೆ ಹೋಗಿತ್ತು. ಮನೆಯಲ್ಲಿ ಅವಳೊಬ್ಬಳೇ ಉದ್ಯಮಿಯಾಗಿದ್ದ ಕಡೆ ಅವಳ ಗಳಿಕೆ ಗಂಡಸರಿಗೆ ಸರಿಸಮ ಇತ್ತು. ನಾವು ಬ್ಯಾಂಕಿನವರು ಇದನ್ನು ಸಂಶೋಧನೆ ಇಲ್ಲದೆಯೇ ಬಲ್ಲೆವು. ಸಾಲಕ್ಕೆ ಸಹಿ ಅವಳದು, ಹಣ ಅವನದು, ಕಂತು ಕೇಳಲು ಬಂದವರು ಕರೆಯುವ ಹೆಸರು ಮತ್ತೆ ಅವಳದು.

ಕಿರುಸಾಲದ ಮಾತು ಬಂತು. 2005ರಿಂದ ಹೈದರಾಬಾದಿನ 104 ಬಡಾವಣೆಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಅರ್ಧದಷ್ಟು ಬಡಾವಣೆಗಳಲ್ಲಿ ಕಿರುಸಾಲ ಸಂಸ್ಥೆ ಶಾಖೆ ತೆರೆಯಿತು, ಉಳಿದವುಗಳಲ್ಲಿ ತೆರೆಯಲಿಲ್ಲ. ಮುಂದೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಆ ತಂಡದಲ್ಲಿದ್ದರು. ವ್ಯಾಪಾರದಲ್ಲಿ ಹೂಡಿಕೆ ಸ್ವಲ್ಪ ಹೆಚ್ಚಿತು, ಮೊದಲೇ ಚೆನ್ನಾಗಿ ನಡೆಯುತ್ತಿದ್ದ ಅಂಗಡಿಗಳು ಇನ್ನೂ ಚೆನ್ನಾದವು, ಹೊರಗಿನ ಟೀ–ತಂಬಾಕಿನ ಖರ್ಚು ಇಳಿಯಿತು. ಆದರೆ ಮಕ್ಕಳ ಓದು, ಆರೋಗ್ಯ, ಮನೆಯಲ್ಲಿ ಹೆಂಗಸಿನ ಮಾತಿನ ತೂಕ ಇವುಗಳಲ್ಲಿ ಎದ್ದು ಕಾಣುವ ಬದಲಾವಣೆ ಆಗಲಿಲ್ಲ. ಸಾಲ ಒಂದು ಸಾಧನ, ಅಷ್ಟು ಕೆಲಸವನ್ನು ಅದು ಮಾಡುತ್ತದೆ. ಬಡತನ ನಿವಾರಣೆಯ ಭಾರವನ್ನೆಲ್ಲ ಅದರ ಮೇಲೆ ಹೇರಿದ್ದು ನಾವು.

ಹೇರಿದ ಭಾರ ಏನು ಮಾಡಿತು ಎಂಬುದನ್ನು 2025ರ ಜನವರಿಯಲ್ಲಿ ನಾವೆಲ್ಲ ನೋಡಿದೆವು. ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಲ್ಲಿ ಫೈನಾನ್ಸ್‌ನವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಬಂತು. ಹಾವೇರಿ ಜಿಲ್ಲೆಯ ಮಹಿಳೆಯರು ಮಾಂಗಲ್ಯವನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದರು. ಫೆಬ್ರುವರಿಯಲ್ಲಿ ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂಬ ಸುಗ್ರೀವಾಜ್ಞೆ ಹೊರಟಿತು. ಆ ಸಾಲಗಳಲ್ಲಿ ಎಷ್ಟೋ ಕಾಗದದ ಮೇಲೆ ‘ಆದಾಯ ಗಳಿಕೆ’ಗೆ, ಅಂದರೆ ಹೈನುಗಾರಿಕೆಗೋ ಕಿರಾಣಿ ಅಂಗಡಿಗೋ ಎಂದು ಬರೆಸಿಕೊಂಡವು. ಹೋದದ್ದು ಆಸ್ಪತ್ರೆಗೆ, ಮದುವೆಗೆ, ಹಿಂದಿನ ಸಾಲದ ಕಂತಿಗೆ. ಗುಂಪು ಸಾಲದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಹಾಗಾಗಿ ವಸೂಲಿಗೆ ಮೊದಲು ಬಾಗಿಲು ಬಡಿಯುವವಳು ಪಕ್ಕದ ಮನೆಯ ಗೆಳತಿ. ಒಂದು ಓಣಿಯ ನಂಬಿಕೆಯನ್ನೇ ಅಡವಿಟ್ಟು ಸಾಲ ಕೊಟ್ಟಂತೆ ಇದು. ಓಣಿಯಲ್ಲಿ ಮಾತು ನಿಂತರೆ ಮತ್ತೆ ಶುರುವಾಗಲು ವರ್ಷಗಳು ಹಿಡಿಯುತ್ತವೆ, ಅದಕ್ಕೆ ಯಾವ ಸಾಲ ಮನ್ನಾವೂ ಇಲ್ಲ.

ಜಾತಿಯ ಮಾತನ್ನೂ ಆಡಲೇಬೇಕು, ಕಾಲೇಜಿನ ಸಮಾರಂಭಗಳಲ್ಲಿ ಇದನ್ನು ಯಾರೂ ಆಡುವುದಿಲ್ಲ. 2016ರಲ್ಲಿ ಶುರುವಾಗಿ 2025ರ ಮಾರ್ಚ್‌ವರೆಗೆ ನಡೆದ ಕೇಂದ್ರದ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆಯಲ್ಲಿ ಪರಿಶಿಷ್ಟರಿಗೆ, ಮಹಿಳೆಯರಿಗೆ 10 ಲಕ್ಷದಿಂದ ಒಂದು ಕೋಟಿವರೆಗೆ ಸಾಲವಿತ್ತು. ಸಾಲದ ಬಾಗಿಲು ತೆರೆದದ್ದು ದೊಡ್ಡ ವಿಷಯವೇ. ಆದರೆ ನಾನು ಮೇಲೆ ಹೇಳಿದ ಚಿಕ್ಕಪ್ಪನ ಗಲ್ಲಾ ಅವರಲ್ಲಿ ಬಹಳ ಮಂದಿಗೆ ಇಲ್ಲ. ನಮ್ಮಲ್ಲಿ ತರಬೇತಿ ಪಡೆದ ದಲಿತ ಯುವಕನೊಬ್ಬ ಅಡುಗೆಯಲ್ಲಿ ಪಳಗಿದವನು. ಸ್ವಂತ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಮಳಿಗೆ ಸಿಗುವಂತಿದ್ದರೂ ಅಲ್ಲಿ ಬೇಡವೆಂದು ಹೆದ್ದಾರಿಯ ಪಕ್ಕ ಹೋಟೆಲ್ ಹಾಕಿದ. ಬೋರ್ಡಿನ ಮೇಲೆ ದೇವರ ಹೆಸರು, ತನ್ನದಿಲ್ಲ. ‘ಊರಲ್ಲಿ ಹಾಕಿದರೆ ಚಹಾ ಕುಡಿಯೋಕೆ ಯಾರು ಬರ್ತಾರೆ ಸರ್, ಲಾರಿಯವರು ಕೇಳಲ್ಲ’ ಎಂದ. ವ್ಯಾಪಾರ ಈಗ ಚೆನ್ನಾಗಿದೆ. ಮಾರುಕಟ್ಟೆ ಅವನಿಗೆ ಹೊಸ ದಾರಿ ಕೊಟ್ಟಿತು ಅನ್ನುವುದೂ ನಿಜ, ಆ ದಾರಿ ಊರ ಹೊರಗೇ ಹೋಯಿತು ಅನ್ನುವುದೂ ನಿಜ.

ಇನ್ನು ಮನುಷ್ಯನ ಒಳಗೆ ಏನಾಗುತ್ತದೆ? ಗಳಿಕೆಯ ಮಟ್ಟಿಗೆ ಹೇಳುವುದಾದರೆ ಅಮೆರಿಕದ ಅರ್ಥಶಾಸ್ತ್ರಜ್ಞ ಬಾರ್ಟನ್ ಹ್ಯಾಮಿಲ್ಟನ್ 2000ದಲ್ಲಿ ಒಂದು ಲೆಕ್ಕ ಕೊಟ್ಟರು. ಹತ್ತು ವರ್ಷ ಸ್ವಂತ ವ್ಯವಹಾರ ನಡೆಸಿದ ಮೇಲೂ ಅಲ್ಲಿನ ಸಾಧಾರಣ ಸ್ವಉದ್ಯೋಗಿಯ ಗಳಿಕೆ, ಅಷ್ಟೇ ವರ್ಷ ನೌಕರಿಯಲ್ಲಿದ್ದರೆ ಸಿಗುತ್ತಿದ್ದುದಕ್ಕಿಂತ ಶೇ 35ರಷ್ಟು ಕಡಿಮೆ. ಆದರೂ ಬಿಡುವುದಿಲ್ಲ. ತನ್ನ ಕೆಲಸಕ್ಕೆ ತಾನೇ ಯಜಮಾನ ಅನ್ನುವ ತೃಪ್ತಿಗೆ ಅವರು ಅಷ್ಟು ಬೆಲೆ ಕೊಡುತ್ತಾರೆ. ಇದು ನಮ್ಮಲ್ಲೂ ಸುಳ್ಳಲ್ಲ. ಗಾರ್ಮೆಂಟ್ಸ್ ಬಿಟ್ಟು ತಳ್ಳುಗಾಡಿ ಹಿಡಿದವರು ‘ಸೂಪರ್‌ವೈಸರ್ ಬೈಗುಳ ಇಲ್ಲ, ಅದೇ ದೊಡ್ಡದು’ ಅನ್ನುತ್ತಾರೆ. ಅವರ ಈ ಮಾತನ್ನು ಲಾಭನಷ್ಟದ ಲೆಕ್ಕದಿಂದ ಕೆಳಗಿಡುವ ಹಕ್ಕು ನಮಗಿಲ್ಲ.

ಸಮಾಜ ಮಾತ್ರ ಆ ತೃಪ್ತಿಗೆ ಮರ್ಯಾದೆ ಕೊಡುವುದಿಲ್ಲ. ವೇದಿಕೆಯಲ್ಲಿ ಉದ್ಯಮಿಯನ್ನು ಹೊಗಳಿದ ಯಜಮಾನರೇ ಮನೆಗೆ ಹೋಗಿ ಮಗಳಿಗೆ ಸರ್ಕಾರಿ ನೌಕರಿಯ ವರ ಹುಡುಕುತ್ತಾರೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟಾಗ ಟಿವಿಯವರು ನಕ್ಕರು. ಹೆಚ್ಚಿನವರು ರೈತರು, ಸ್ವಂತ ದುಡಿಮೆಯವರು. ಪ್ರತಿ ತಿಂಗಳು ಇಷ್ಟು ಬರುತ್ತದೆ ಎಂದು ಹೇಳಲಾಗದ ಗಂಡಿಗೆ ಹೆಣ್ಣು ಕೊಡಲು ಜನ ಹಿಂಜರಿಯುತ್ತಾರೆ. ಅದರಲ್ಲಿ ಹೆಣ್ಣಿನ ಕಡೆಯವರದೂ ತಪ್ಪಿಲ್ಲ, ಅವರಿಗೂ ನಷ್ಟ ಎಲ್ಲಿ ಬೀಳುತ್ತದೆಂದು ಗೊತ್ತು.

ಇದಕ್ಕಿಂತ ಭಾರವಾದದ್ದು ಸೋತಾಗಿನ ಸ್ಥಿತಿ. ನೌಕರಿ ಹೋದವನು ಕಂಪನಿಯನ್ನು ಬೈಯುತ್ತಾನೆ. ‘ಗೆಲುವು ನಿನ್ನ ಕೈಯಲ್ಲಿದೆ’ ಎಂದು ಕೇಳಿಸಿಕೊಂಡು ಉದ್ಯಮಕ್ಕೆ ಇಳಿದವನಿಗೆ ಬೈಯಲು ಯಾರೂ ಇರುವುದಿಲ್ಲ, ತನ್ನನ್ನೇ ಬೈದುಕೊಳ್ಳುತ್ತಾನೆ. ಫೋನ್ ಎತ್ತುವುದಿಲ್ಲ, ಮದುವೆ ಮುಂಜಿಗೆ ಹೋಗುವುದಿಲ್ಲ, ರಾತ್ರಿ ನಿದ್ದೆಯಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯಲ್ಲಿ ಆತ್ಮಹತ್ಯೆ ಮಾಡಿಕೊಂಡವರಲ್ಲಿ ಸ್ವಉದ್ಯೋಗಿಗಳು ಶೇ 11ಕ್ಕಿಂತ ಹೆಚ್ಚು. ಎಲ್ಲರದೂ ವ್ಯವಹಾರದ ನಷ್ಟದಿಂದಲೇ ಎಂದು ಹೇಳಲಾಗದು. ಆದರೆ ಉದ್ಯಮಶೀಲತೆಯ ಪಠ್ಯದಲ್ಲಿ ಈ ವಿಷಯಕ್ಕೆ ಒಂದು ಪುಟವೂ ಇಲ್ಲದಿರುವುದು ಸರಿಯಲ್ಲ. ನಿಮ್ಮ ಘಟಕದ ನೋಟಿಸ್ ಬೋರ್ಡಿನಲ್ಲಿ ಸಾಲ ಯೋಜನೆಗಳ ಪಕ್ಕದಲ್ಲೇ ಟೆಲಿ ಮಾನಸ್ ಸಹಾಯವಾಣಿ 14416 ಅನ್ನೂ ಹಾಕಿ. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು, ಉಚಿತ.

ಹಾಗಾದರೆ ಪ್ರೋತ್ಸಾಹವೇ ಬೇಡವೇ ಎಂದರೆ, ಬೇಕು. ಅದರ ಕ್ರಮ ಬೇರೆಯಾಗಬೇಕು. ಫ್ರಾನ್ಸ್ 2002ರಲ್ಲಿ ಒಂದು ಸರಳ ಬದಲಾವಣೆ ಮಾಡಿತು: ಕೆಲಸ ಕಳೆದುಕೊಂಡವರು ಸ್ವಂತ ವ್ಯವಹಾರ ಶುರು ಮಾಡಿದರೂ ನಿರುದ್ಯೋಗ ಭತ್ಯೆಯ ಹಕ್ಕು ಉಳಿಯುತ್ತದೆ, ಮುಚ್ಚಿದರೆ ಮತ್ತೆ ಪಡೆಯಬಹುದು. ಹೊಸ ಉದ್ದಿಮೆಗಳು ಧಾರಾಳವಾಗಿ ಹುಟ್ಟಿದವು, ಗುಣಮಟ್ಟವೂ ಕುಸಿಯಲಿಲ್ಲ. ಕೆಳಗೆ ನೆಲ ಇದೆ ಎಂದು ಗೊತ್ತಾದರೆ ಜನ ತಾವಾಗಿಯೇ ಹೆಜ್ಜೆ ಇಡುತ್ತಾರೆ. ನಮ್ಮಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಕೂಡಿಟ್ಟು ಹೊಲಿಗೆ ಯಂತ್ರವನ್ನೋ ಸಣ್ಣ ಅಂಗಡಿಯನ್ನೋ ಮಾಡಿಕೊಂಡ ಹೆಂಗಸರು ಪತ್ರಿಕೆಗಳಲ್ಲಿ ಬಂದಿದ್ದಾರೆ. ಆ ಹಣಕ್ಕೆ ಕಂತಿಲ್ಲ, ಸೋತರೆ ಮುಂದಿನ ತಿಂಗಳು ಮತ್ತೆ ಬರುತ್ತದೆ. ಅದನ್ನು ಬಿಟ್ಟಿ ಭಾಗ್ಯ ಎಂದು ಹೀಗಳೆಯುವವರು ಉದ್ಯಮಶೀಲತೆಯ ಭಾಷಣವನ್ನೂ ಮಾಡುತ್ತಾರೆ, ಎರಡರ ನಂಟು ಅವರಿಗೆ ಕಂಡಂತಿಲ್ಲ.

ನಿಮ್ಮ ಮುಂದಿನ ಬ್ಯಾಚಿಗೆ ಅತಿಥಿಗಳನ್ನು ಕರೆಯುವಾಗ ಗೆದ್ದವರ ಜೊತೆ ಅಂಗಡಿ ಮುಚ್ಚಿದವರೊಬ್ಬರನ್ನೂ ಕರೆಯಿರಿ. ಯಾವಾಗ ಮುಚ್ಚಬೇಕೆಂದು ಹೇಗೆ ಗೊತ್ತಾಯಿತು ಎಂದು ಮಕ್ಕಳು ಅವರನ್ನೇ ಕೇಳಲಿ. ಉದ್ಯಮ ಮಾಡುತ್ತೇನೆ ಅನ್ನುವ ಹುಡುಗನಿಗೆ ಮೊದಲು ಅದೇ ವ್ಯಾಪಾರದಲ್ಲಿ ಇನ್ನೊಬ್ಬರ ಹತ್ತಿರ ಒಂದು ವರ್ಷ ಸಂಬಳಕ್ಕೆ ದುಡಿ ಎಂದು ಹೇಳಿ. ಹಾಳೆ ತಟ್ಟೆಯಾದರೆ ಒಂದು ಮಳೆಗಾಲ, ಒಂದು ಬೇಸಿಗೆ ಎರಡನ್ನೂ ನೋಡಿರಬೇಕು. ಪ್ರಾಜೆಕ್ಟ್ ರಿಪೋರ್ಟನ್ನು ಅವನ ಕೈಯಲ್ಲೇ ಬರೆಸಿ, ಆರು ತಿಂಗಳು ಒಂದು ತಟ್ಟೆಯೂ ಹೋಗದಿದ್ದರೆ ಕಂತು ಎಲ್ಲಿಂದ ಬರುತ್ತದೆ ಎಂಬ ಪುಟವೂ ಅದರಲ್ಲಿರಲಿ. ಆ ಪುಟವನ್ನು ಮನೆಯಲ್ಲಿ ಎಲ್ಲರೂ, ಮುಖ್ಯವಾಗಿ ಅಮ್ಮ ಮತ್ತು ತಂಗಿ, ಓದಿದ್ದಾರೆಯೇ ಎಂದು ಕೇಳಿ. ನೌಕರಿ ಬೇಕು ಅನ್ನುವ ಮಕ್ಕಳನ್ನು ಅಂಜುಬುರುಕರೆಂದು ಕಾಣಬೇಡಿ. ಉದ್ಯಮಿಯೊಬ್ಬನ ಅಂಗಡಿ ನಡೆಯುವುದೂ ಮನೆಯಲ್ಲಿ ಯಾರೋ ಒಬ್ಬರ ತಿಂಗಳ ಸಂಬಳದ ಬಲದ ಮೇಲೆ.

ಇನ್ನು ನಿಮ್ಮ ಹಳೆಯ ವಿದ್ಯಾರ್ಥಿ. ಅವನು ಬೆಂಗಳೂರಿನಲ್ಲಿ ತಲೆಮರೆಸಿಕೊಂಡಂತೆ ಇರಬಾರದು, ಬ್ಯಾಂಕಿಗೆ ಬಂದು ಮುಖ ತೋರಿಸಲಿ. ಪಿಎಂಇಜಿಪಿ ಸಬ್ಸಿಡಿ ಹಣ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ, ಘಟಕ ನಡೆಯುತ್ತಿದೆಯೆಂದು ಸ್ಥಳ ಪರಿಶೀಲನೆ ಆದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಎರಡೇ ವರ್ಷಕ್ಕೆ ನಿಂತ ಘಟಕ ಹಾಗೇ ಮುಚ್ಚಿಹೋದರೆ ಆ ಸಬ್ಸಿಡಿಯೂ ಕೈತಪ್ಪುತ್ತದೆ. ಆದ್ದರಿಂದ ಉಳಿದ ಅವಧಿಗೆ ಘಟಕವನ್ನು ಸಣ್ಣದಾಗಿಯಾದರೂ ಮತ್ತೆ ನಡೆಸುವ ದಾರಿ ಇದೆಯೇ, ಕಂತನ್ನು ಮರುಹೊಂದಿಸಲು ಸಾಧ್ಯವೇ ಎಂದು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಲಿ. ಖಾತೆ ಆಗಲೇ ಎನ್‌ಪಿಎ ಆಗಿದ್ದರೆ ಒಂದೇ ಬಾರಿಯ ತೀರುವಳಿಗೆ, ಅಂದರೆ ಓಟಿಎಸ್‌ಗೆ, ಕೇಳಬಹುದು. ಲೋಕ ಅದಾಲತ್ ದಿನ ಬ್ಯಾಂಕಿನವರು ಇಂಥ ಕಡತಗಳನ್ನು ಕೈಗೆತ್ತಿಕೊಳ್ಳುತ್ತಾರೆ. ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಫೋನ್ ಮಾಡುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. ಸಗಟು ವ್ಯಾಪಾರಿಯಿಂದ ಬರಬೇಕಾದ ಬಾಕಿ ಇದ್ದು, ಮಾಲು ಕೊಡುವಾಗ ಸಣ್ಣ ಉದ್ದಿಮೆಯೆಂದು ‘ಉದ್ಯಮ್’ ನೋಂದಣಿ ಆಗಿದ್ದರೆ ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಹಾಕಲಿ; ಈಗ ಆ ಗಿರಾಕಿಯನ್ನು ಕಳೆದುಕೊಳ್ಳುವ ಭಯವೂ ಇಲ್ಲವಲ್ಲ. ಸಾಧ್ಯವಾದರೆ ಬ್ಯಾಂಕಿಗೆ ಹೋಗುವ ದಿನ ಅವನ ಅಪ್ಪನನ್ನೂ ಕರೆದುಕೊಂಡು ನೀವೂ ಜೊತೆಗೆ ಹೋಗಿ. ಎಫ್‌ಡಿಎ ತಡೆಯ ಸುದ್ದಿ ಬಂದ ಪತ್ರಿಕೆಯ ತುಣುಕನ್ನೂ ಇಟ್ಟುಕೊಂಡಿರಿ, ಮ್ಯಾನೇಜರ್‌ಗಿಂತ ಹೆಚ್ಚಾಗಿ ಅದನ್ನು ಓದಬೇಕಾದವರು ಅವನ ಅಪ್ಪ.